ಇತರೆ ವಿಷಯಗಳು

ನಡಾವಳಿ ಬರೆಯುವವಳಿಗೆ ಮತವಿಲ್ಲ.
ಆದರೂ ಬಾಗಿಲಲ್ಲಿ ನನ್ನ ಕೈಗೂ ಕೊಟ್ಟರು
ಮೂರು ಹಸಿರು ಟಿಕ್ಲಿ.
ಟಿಕ್ಲಿ ಅಂದದ್ದು ನಾನು. ಅವರು ಅಂದದ್ದು ಡಾಟ್.
ಬೆಳವಣಿಗೆ ಎಲ್ಲಿ ಬೇಕೋ ಅಲ್ಲಿ ಅಂಟಿಸಿ, ಅಂದರು.

ಪ್ಯಾಸ್ಕೊ, ಫೆಬ್ರವರಿ, ಸಂಜೆ ಆರೂವರೆ.
ಕಿಟಕಿ ತೆರೆದರೆ ಆಲೂಗಡ್ಡೆ ಕರಿಯುವ ವಾಸನೆ:
ಹಳಿಯಾಚೆಯ ಕಾರ್ಖಾನೆ
ಹಗಲೂ ರಾತ್ರಿ ಅರ್ಧ ದೇಶಕ್ಕೆ ಕರಿಯುತ್ತದೆ.
ಮುಚ್ಚಿದರೆ ಹೀಟರಿನ ಸುಟ್ಟ ಧೂಳು.
ತೆರೆದೇ ಇರಲಿ ಎಂದು ಠರಾವಾಯಿತು.
ಬರೆದುಕೊಂಡೆ.

ಗೋಡೆಯ ಮೇಲೆ ಎರಡು ಸಾವಿರದ ನಲವತ್ತನೆಯ ಇಸವಿ.
ನೀಲಿ ಕಟ್ಟಡಗಳಿಗೆ ನೆರಳು ಕೂಡ ಇದೆ,
ಇನ್ನೂ ನೆಡದ ಮರಗಳು ಆಗಲೇ ಮಾಳಿಗೆ ಮುಟ್ಟಿವೆ.
ಪೋರ್ಟ್‌ಲ್ಯಾಂಡಿನಿಂದ ಬಂದ ಸಲಹೆಗಾರ ಹುಡುಗ, ಟೋಬಿನ್,
ಕೆಂಪು ಬೆಳಕಿನ ಚುಕ್ಕೆ ಆಡಿಸುತ್ತ ತೋರಿಸಿದ:
ಇಲ್ಲಿ ನರ್ಸಿಂಗ್, ಇಲ್ಲಿ ವೈನಿನ ವಿಜ್ಞಾನ,
ಇಗೋ ಇಲ್ಲಿ, ಸೇಬು ಕೀಳುವ ಯಂತ್ರಕ್ಕೆ
ಹಣ್ಣು ಕಾಯಿ ಗುರುತಿಸಲು ಕಲಿಸುವ ಶಾಲೆ.
ನಕ್ಷೆಯೊಳಗೆ ನಡೆದಾಡುವವರೆಲ್ಲ ತೆಳ್ಳಗೆ, ಗಾಜಿನಂತೆ;
ಯಾರ ಕೈಯಲ್ಲೂ ಬುತ್ತಿಯಿಲ್ಲ,
ಯಾರ ಸೊಂಟದ ಮೇಲೂ ಮಗುವಿಲ್ಲ.

ಡೀನ್ ಗ್ರೆಚೆನ್ ಹೋಮ್‌ಕ್ವಿಸ್ಟ್ ಎದ್ದು
ಇದೆಲ್ಲ ರಾಜ್ಯ ಹಣ ಬಿಟ್ಟರೆ, ಎಂದರು.
ಬಿಟ್ಟರೆ, ಎನ್ನುವಾಗ ಕನ್ನಡಕ ತೆಗೆದು ಒರೆಸಿದರು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ನಮ್ಮಲ್ಲಿ.
ಇಲ್ಲಿ ಹಾಸಿಗೆಗೆ ಇನ್ನೂ ಟೆಂಡರೇ ಕರೆದಿಲ್ಲ,
ಕಾಲಿನ ಅಳತೆ ಮಾತ್ರ ಭರದಿಂದ ನಡೆದಿದೆ.

ಭೂವಿಜ್ಞಾನದ ಲುಂಡ್‌ಗ್ರೆನ್, ನಿವೃತ್ತಿಗೆ ಒಂದೇ ವರ್ಷ,
ಅವರ ವಿಭಾಗದ ಮೇಲೆ ಒಂದು ಟಿಕ್ಲಿಯೂ ಬಿದ್ದಿರಲಿಲ್ಲ.
'ಹಿಮದ ಕಟ್ಟೆ ಒಡೆದು ನೆರೆ ಬಂದ ಕಾಲದಲ್ಲಿ
ಈ ಕುರ್ಚಿಗಳ ಮೇಲೆ ಎಂಟುನೂರು ಅಡಿ ನೀರಿತ್ತು,' ಎಂದರು.
ಅಷ್ಟೇ ಹೇಳಿ ಕೂತರು.
ಯಾವ ಕಲಮಿನ ಕೆಳಗೆ ಸೇರಿಸಲಿ ತಿಳಿಯದೆ
ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದೆ.

ಆಮೇಲೆ ಪಾರ್ಕಿಂಗ್.
ಮುಕ್ಕಾಲು ಗಂಟೆ ಪಾರ್ಕಿಂಗ್.
ವಿದ್ಯೆ ಎಲ್ಲಿ ಬೇಕಾದರೂ ಬೆಳೆಯಲಿ,
ಏಳನೇ ಲಾಟು ಮುಟ್ಟಕೂಡದು.

ಕೊನೆಯ ಸಾಲಿನಿಂದ ಎದ್ದವಳು ಒಟೀಲಿಯಾ ಬರಾಗಾನ್.
ಎರಡು ಸಲ ಕೇಳಿ ಹೆಸರು ಬರೆದುಕೊಂಡೆ.
ಒಂಬತ್ತಕ್ಕೆ ಪಾಳಿ; ಕೂದಲಿಗೆ ಆಗಲೇ ಬಲೆ.
'ಕಟ್ಟಡ ಚೆನ್ನಾಗಿದೆ,' ಅಂದಳು.
'ನನಗೆ ಬೆಳಗಿನ ಜಾವ ಐದಕ್ಕೆ ಬಿಡುತ್ತೆ.
ಏಳೂವರೆಗೆ ಮಕ್ಕಳನ್ನ ಎಬ್ಬಿಸಬೇಕು.
ನಡುವಿನ ಹೊತ್ತು ಮಲಗಿದರೂ ನಿದ್ದೆ ಹತ್ತಲ್ಲ,
ಕಿವಿಯಲ್ಲಿ ಇನ್ನೂ ಬೆಲ್ಟು ಓಡ್ತಿರುತ್ತೆ.
ನರ್ಸಿಂಗ್ ಪಾಠ ಆಗ ಇಡ್ತೀರಾ?
ಹೊಸದೇ ಬೇಕು ಅಂತಿಲ್ಲ, ಈ ಕೋಣೆ ಸಾಕು.
ಐದಕ್ಕೆ ಇಲ್ಲಿ ಯಾರಾದರೂ ಇರ್ತಾರಾ?'

ಟೋಬಿನ್ ನಕ್ಷೆಯ ಕಡೆ ತಿರುಗಿದ.
ಅದರಲ್ಲಿ ಉತ್ತರಕ್ಕೆ ಒಂದು ಬಾಣವಿತ್ತು, ಅಷ್ಟೆ.
ಅವಳ ಅಂಗೈಯಲ್ಲಿ ಮೂರೂ ಟಿಕ್ಲಿ
ಬೆವರಿಗೆ ಸುರುಟಿಕೊಂಡಿದ್ದವು.
ಎಲ್ಲಿ ಅಂಟಿಸಲಿ, ಎಂದು ಕೇಳಿದಳು,
ಕುಹಕವಿಲ್ಲದೆ, ವಿಳಾಸ ಕೇಳುವ ಹಾಗೆ.

'ನೋಟ್ ಮಾಡಿಕೊಳ್ಳಿ,' ಎಂದರು ಗ್ರೆಚೆನ್, ನನಗೆ.

ಮಾಡಿಕೊಂಡೆ. ಕಲಮು ಹದಿಮೂರು, ಇತರೆ ವಿಷಯಗಳು,
ಅಧ್ಯಕ್ಷರ ಅಪ್ಪಣೆಯ ಮೇರೆಗೆ.
ಹನ್ನೊಂದು ವರ್ಷದಿಂದ ಆ ತಲೆಬರಹದ ಕೆಳಗೆ
ನಾನೇ ಒಟ್ಟಿದ್ದೇನೆ: ಸೋರುವ ನಲ್ಲಿ,
ಯಾರೋ ಮರೆತ ಛತ್ರಿ,
ಬಸ್ ನಿಲ್ಲುವಲ್ಲಿ ಒಂದು ಸೂರು (ನಾಲ್ಕು ಸಲ).

ಗುರುವಾರ ಕರಡು ತಿದ್ದಿ ಬಂತು.
'ಐದಕ್ಕೆ' ಎಂಬಲ್ಲಿ ಪೆನ್ಸಿಲಿನ ವೃತ್ತ,
ಪಕ್ಕದಲ್ಲಿ ಗ್ರೆಚೆನ್ ಅವರ ಸಣ್ಣ ಅಕ್ಷರ:
ಸಂಜೆ ಐದು ಅಲ್ಲವೇ?

ಅಲ್ಲ, ಎಂದು ಬರೆದೆ.
ಬರೆದು, ನೋಟ್‌ಬುಕ್ಕಿನ ರಟ್ಟಿನಿಂದ ಒಂದು ಟಿಕ್ಲಿ ಕಿತ್ತು
ಅದರ ಮುಂದೆ ಒತ್ತಿದೆ.
ಇನ್ನೆರಡು ಉಳಿದಿವೆ.