ಶಟರ್

ಬಾಣಾವರ, ಸಂತೆಬೀದಿ. ಕರೆಂಟಿಲ್ಲ.
ಬೆಳಿಗ್ಗೆ ಐದಕ್ಕೆ ಟ್ರೈಲರ್ ಬೇಕಂತೆ, ಕೊಂಡಿ ಮುರಿದಿದೆ.
ಡೀಸೆಲ್ ಸೆಟ್ಟು ಅಂಗಡಿಯೊಳಗೆ
ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ ಒದರುತ್ತಿದೆ.

ಎದುರುಮನೆ ಟೀಚರಮ್ಮ ಬಂದರು:
"ಮಗೂಗೆ ನಾಳೆ ಗಣಿತ ಪರೀಕ್ಷೆ.
ಶಟರಾದರೂ ಎಳ್ಕೊಳ್ರಪ್ಪ."
ಕೊಕ್ಕೆಗೆ ಕೈ ಹಾಕಿದ್ದೆ.
ದಸ್ತಗೀರ್ ಮೇಸ್ತ್ರಿ ಶೀಲ್ಡು ಎತ್ತಿದರು.
"ಸದ್ದು ಹೊರಗೆ ಹೋಗದಿದ್ರೆ
ಹೊಗೆಯೂ ಹೋಗಲ್ಲ ಕಲ್ಲೇಶಿ."

ಇಂಜಿನ್ ಆರಿಸಿ
ಬೇವಿನ ಮರದವರೆಗೆ ನೂಕಿದೆವು,
ಹೊಗೆಪೈಪು ಸಂತೆಮಾಳದ ಕಡೆಗೆ.
ಕೇಬಲ್ಲು ಸಾಲಲಿಲ್ಲ, ಟ್ರೈಲರನ್ನೂ ನೂಕಿದೆವು.
ಡೀಸೆಲ್ ತಳ ಹಿಡಿದಿತ್ತು.
ಕ್ಯಾನು ಎತ್ತಿದ ನನ್ನ ಕೈ ತಡೆದು
"ಆರಲಿ" ಅಂದರು,
ಕಿವಿಯ ಮೇಲಿನ ಬೀಡಿ ಹಚ್ಚದೆ ಕೂತರು.

ಆಗ ಹೇಳಿದ್ದು, ಒಂದೇ ಸಲ:
ಅರಸೀಕೆರೆಯ ಗೋಡೌನಿನಲ್ಲಿ ತಮ್ಮ ಬಾಬಾಜಾನ್
ತಲೆ ಭಾರ ಅಂತ ಗೋಡೆಗೊರಗಿದ್ದು.
ಸುಟ್ಟಿರಲಿಲ್ಲ, ಗೀರಿರಲಿಲ್ಲ.
ಬಾಗಿಲು ತೆಗೆದಾಗ
ಇಂಜಿನ್ ಇನ್ನೂ ಓಡ್ತಿತ್ತು.

ಟ್ಯಾಂಕು ಮುಟ್ಟಿ ನೋಡಿ, ಡೀಸೆಲ್ ಹುಯ್ದು,
ರಾಡು ಹಿಡಿಯುವ ಮುಂಚೆ
ಎದುರು ಕಿಟಕಿಗೆ ಮರೆಯಾಗಿ
ಒಂದು ತಗಡು ನಿಲ್ಲಿಸಿದರು, ಹುಡುಗನ ಕಣ್ಣಿಗೆ.

ತಗಡಿನಾಚೆ ಅವನು
ಹದಿನೇಳರ ಮಗ್ಗಿ ಕಿರುಚುತ್ತಿದ್ದ,
ಇಂಜಿನ್ನಿಗಿಂತ ಜೋರಾಗಿ.