ವರೆಗೆ

ಕೋರ್ಟ್ ಹಾಲಿನ ಗೋಡೆಯಿಂದ ಹಲಗೆ ಇಳಿಸಿ
ವರಾಂಡದ ಎರಡು ಬೆಂಚುಗಳ ಮೇಲೆ ಮಲಗಿಸಿ
ಅಪ್ಪ ಉಪ್ಪುಕಾಗದ ತಿಕ್ಕುತ್ತಿದ್ದ.
ತೇಗದ್ದು, ಆರಡಿ, ಮೂರು ಕಾಲಂ:
ಹೆಸರು. ಇಂದ. ವರೆಗೆ.

ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ
‘ಪಾಲಯ್ಯ ಆರ್ಟ್ಸ್, ಚಿತ್ರದುರ್ಗ’ ಎಂದು ಬರೆಯಲು
ಶಿರಸ್ತೇದಾರರು ಈ ಸಲವೂ ಒಪ್ಪಲಿಲ್ಲ.

ದಾವಣಗೆರೆಯ ಲಾ ಕಾಲೇಜಿಗೆ ರಜೆ ಹಾಕಿ ಬಂದಿದ್ದೆ
ಹೆಸರು ಓದಿ ಹೇಳುವುದಕ್ಕೆ.
ಅಪ್ಪನ ಕಣ್ಣಿಗೆ ಪೊರೆ ಬಂದಿದೆ,
ಕೈಗಿನ್ನೂ ಬಂದಿಲ್ಲ.
ನನ್ನ ಚೀಲದಲ್ಲಿ ಇನ್ನೊಂದು ಪಟ್ಟಿ, ಸೋಮವಾರದ ಸೆಮಿನಾರಿಗೆ:
ಕಡಲಾಚೆಯ ಒಬ್ಬ ಅಧ್ಯಕ್ಷ
ನೂರೈವತ್ತು ವರ್ಷದ ಹಿಂದೆ ನೇಮಿಸಿದ ನ್ಯಾಯಾಧೀಶರು.

ನಮ್ಮದು ಓದಿ ಮುಗಿಸಿ ಅವರದನ್ನೂ ಓದಿದೆ, ಸುಮ್ಮನೆ, ಬೇಜಾರಿಗೆ.
ಹೆಸರು ಸೂಚಿಸಿದ್ದು ಒಂದು ತಾರೀಖು,
ಸಭೆ ಒಪ್ಪಿದ್ದು ಒಂದು, ಸನದು ಹೊರಟದ್ದು ಒಂದು,
ಕೊನೆಯ ಕಾಲಮ್ಮಿನಲ್ಲಿ ಮಾತ್ರ
ಮರಣ. ಮರಣ. ರಾಜೀನಾಮೆ. ಮರಣ.

‘ವರ್ಗ ಇಲ್ಲೇನವ್ವ ಅವರಿಗೆ?’
ಇಲ್ಲಪ್ಪ, ಬದುಕಿರೋ ತನಕ.
‘ಬದುಕಿರೋ ತನಕ!’
ಉಪ್ಪುಕಾಗದ ನಿಂತಿತು.
‘ಹಂಗಾರೆ ಬೋರ್ಡ್ ಬರೆಯೋನ ಹೊಟ್ಟೆಪಾಡು?
ನಮ್ಮಲ್ಲಿ ಮೂರು ವರ್ಷಕ್ಕೊಬ್ರು ಹೋಗ್ತಾರೆ.
ದೇವರು ದೊಡ್ಡೋನು.’

ಜೋಗಿಮಟ್ಟಿಯ ಗಾಳಿ ಎದ್ದು
ಹಲಗೆಯ ಪುಡಿಯನ್ನೆಲ್ಲ ಕಕ್ಷಿದಾರರ ಮೇಲೆ ಎರಚಿತು.
ಪುಡಿ ಹಾರಿದ ಕಡೆ, ಏಳನೆಯ ಎಂಟನೆಯ ಸಾಲಿನ ನಡುವೆ,
ಹಳೆಯ ಬಣ್ಣದಡಿ ಯಾರೋ ಕೆರೆದು ಹಾಕಿದ ಒಂದು ಹೆಸರು.
ಅಪ್ಪ ಒದ್ದೆ ಬಟ್ಟೆಯಲ್ಲಿ ಒರೆಸಿದ.
ನಾನು ಬಗ್ಗಿ ಓದಿದೆ: ಅಣ್ಣಾಜಿರಾಯ.
ಇಂದ, ಖಾಲಿ. ವರೆಗೆ, ಖಾಲಿ.

ರೆಕಾರ್ಡ್ ರೂಮಿನ ಮೈಲಾರಪ್ಪ
ಗೆದ್ದಲು ತಿಂದುಳಿಸಿದ ರಿಜಿಸ್ಟರನ್ನು
ಕೂಸಿನ ಹಾಗೆ ಎರಡೂ ಕೈಯಲ್ಲಿ ಹೊತ್ತು ತಂದ.
ಕಮಿಷನರ್ ಸಾಹೇಬರ ಹುಕುಂ, ಎಂಟನೂರ ಎಪ್ಪತ್ತನಾಲ್ಕು,
ಚಿತ್ರದುರ್ಗಕ್ಕೆ ಮುನ್ಸೀಫ.
ಬೆಂಗಳೂರು ಬಿಟ್ಟದ್ದು ನಿಜ, ಬತ್ಯದ ಲೆಕ್ಕವಿದೆ.
ಗಾಡಿ ಹಿರಿಯೂರಿನವರೆಗೆ ಬಂದದ್ದು ನಿಜ, ಎತ್ತಿನ ಹುಲ್ಲಿಗೆ ರಸೀದಿ ಇದೆ.
ಆಮೇಲೆ ಕಾಗದವಿಲ್ಲ.
ಜ್ವರವೋ, ಹೊಳೆಯೋ, ಮನಸ್ಸು ಮುರಿಯಿತೋ.

ನನ್ನ ಪಟ್ಟಿಯಲ್ಲೂ ಅಂಥವನೊಬ್ಬ.
ಅಧ್ಯಕ್ಷ ಸಹಿ ಹಾಕಿದ, ಸಭೆ ಕೈ ಎತ್ತಿತು,
ಟಿಪ್ಪಣಿ ಒಂದೇ ಪದ: ಸ್ವೀಕರಿಸಲಿಲ್ಲ.

‘ಬರೀತೀನಿ ಸ್ವಾಮಿ,’ ಅಪ್ಪ ಶಿರಸ್ತೇದಾರರಿಗೆ ಅಂದ.
‘ಅಣ್ಣಾಜಿರಾಯ. ಬೆಂಗಳೂರಿನಿಂದ. ಹಿರಿಯೂರಿನವರೆಗೆ.
ಕಾಲಂ ಸರಿಯಾಗಿ ಕೂರ್ತದೆ.’
ವಕೀಲರೊಬ್ಬರು ಕಾಫಿ ಚೆಲ್ಲಿಕೊಂಡು ನಕ್ಕರು.
ಶಿರಸ್ತೇದಾರರು ನಗಲಿಲ್ಲ:
‘ಅಧಿಕಾರ ವಹಿಸಿಕೊಂಡವರದು ಮಾತ್ರ. ಬಳಿ.’

ಬಳಿದ. ಎರಡು ಕೋಟು ಕಪ್ಪು.
ಆದರೆ ಸಾಲು ಎಳೆಯುವಾಗ
ಏಳಕ್ಕೂ ಎಂಟಕ್ಕೂ ನಡುವೆ ಎರಡು ಬೆರಳು ಹೆಚ್ಚು ಬಿಟ್ಟ.
ಕೇಳಿದ್ದಕ್ಕೆ, ದಾರ ಜಾರಿತು ಅಂದ.
ನಲವತ್ತು ವರ್ಷದಲ್ಲಿ ಅಪ್ಪನ ದಾರ ಜಾರಿದ್ದು ನಾನು ಕಂಡಿಲ್ಲ.

ಸಂಜೆ ಕಡೆಯ ಹೆಸರು ಬರೆಯುವಾಗ
ಆ ಹೆಸರಿನವರೇ ಚೇಂಬರಿನಿಂದ ಬಂದು ನಿಂತರು,
ಕಪ್ಪು ಕೋಟು ತೋಳಿನ ಮೇಲೆ,
ಕಾಲಿಗೆ ಮನೆಯಲ್ಲಿ ಹಾಕುವಂಥ ಚಪ್ಪಲಿ.
ತಮ್ಮ ಹೆಸರಿನ ಒತ್ತಕ್ಷರ ಒಣಗುವುದನ್ನು ನೋಡಿದರು.
ಮುಂದಿನ ಕಾಲಮ್ಮಿಗೆ ಬಂದದ್ದು ಇಸವಿ.
ಅದರ ಮುಂದಿನದು ಬರೀ ಕಪ್ಪು.

‘ಅಲ್ಲಿ ಜಾಗ ಸಾಕಾಗುತ್ತಾ?’ ಮೆಲ್ಲಗೆ ಕೇಳಿದರು.
‘ಸಾಕು ಮೇಡಂ. ಒಂದು ತಾರೀಖು, ಎಷ್ಟು ಮಹಾ.’

ಭರಮಸಾಗರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು.
ಟರ್ಪೆಂಟೈನ್ ವಾಸನೆಯ ಬೆರಳಲ್ಲಿ ನೋಟ್ಸ್ ಬಿಚ್ಚಿ
ಸ್ವೀಕರಿಸಲಿಲ್ಲ ಎಂಬುದರ ಪಕ್ಕ ಪೆನ್ಸಿಲಿನಿಂದ ಗೀಚಿದೆ:
ಯಾವ ಊರಿನವರೆಗೆ?

ಸೋಮವಾರ ಮೇಷ್ಟ್ರು ಅದಕ್ಕೆ ಒಂದು ಅಂಕ ಕಳೆದರು.