ಎಡದ ಪೆಟ್ಟಿಗೆ

ನೆಹರೂ ರಸ್ತೆಯ ಗೌಸ್ ಅಂಗಡಿಯಿಂದ
ರಿಸೀವರ್ ಬಂತು ಆಟೋದಲ್ಲಿ, ಗುತ್ಯಪ್ಪನ ತೊಡೆಯ ಮೇಲೆ,
ಹಳೇ ದುಪ್ಪಟಿ ಹೊದ್ದು, ಬಾಣಂತಿ ಬಂದ ಹಾಗೆ.
ಹಿಂದಿನ ಆಟೋದಲ್ಲಿ ಸ್ಪೀಕರ್ ಎರಡು,
ಒಂದರ ಮೂಲೆ ಇಲಿ ಕಡಿದದ್ದು.

ಬಸ್ ಡಿಪೋದಲ್ಲಿ ಹದಿನಾರು ವರ್ಷ
ಹಾರ್ನು ಹೆಡ್‌ಲೈಟು ರಿಪೇರಿ ಮಾಡಿದ ಕೈ.
ವೈರಿನ ತುದಿ ಹಲ್ಲಲ್ಲೇ ಸುಲಿದ.
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
"ಅದಲುಬದಲಾದ್ರೆ ಒಂದು ನೂಕುವಾಗ ಇನ್ನೊಂದು ಎಳೆಯುತ್ತೆ,
ನಡುವೆ ಡೋಲಿನ ಸದ್ದು ಸತ್ತೇ ಹೋಗುತ್ತೆ."
ನಾನು ಕಾಜಾ ಹಾಕುತ್ತಿದ್ದೆ. ಹ್ಞೂ ಅಂದೆ.

"ನಿನ್ನ ಟೇಪು ಕೊಡು."
ಎದೆ ಸೊಂಟ ತೋಳು ಅಳೆಯುವ ಟೇಪು
ಅವತ್ತು ಗೋಡೆ ಅಳೆಯಿತು.
ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅರವತ್ತು ಇಂಚು,
ಎರಡರಿಂದಲೂ ಕುರ್ಚಿಗೆ ಅಷ್ಟೇ.
ಟೇಪೇ ಅಷ್ಟುದ್ದ, ಏನು ಮಾಡೋದು.
ಹೊಲಿಗೆ ಮಷಿನ್ನು ಬಾಗಿಲ ಹಿಂದಕ್ಕೆ ಹೋಯಿತು,
ಕುರ್ಚಿಯ ಜಾಗಕ್ಕೆ ನನ್ನದೇ ಸೀಮೆಸುಣ್ಣದ ಗುರುತು.
"ಇಲ್ಲಿ ಕೂತವರಿಗೆ ಮಾತ್ರ ಸ್ಟೀರಿಯೋ."

ಗೋಡೆಗೆ ಅಂಟಿಸಿದ ಆಂಟೆನಾ ತಂತಿ
ಒಗ್ಗರಣೆಯಂತೆ ಚುರುಗುಟ್ಟಿತು, ಅಷ್ಟೇ.
ಸರಿ, ತಾರಸಿಗೆ ಅಲ್ಯೂಮಿನಿಯಂ ಕಂಬ.
ಭದ್ರಾವತಿ ಯಾವ ಕಡೆ?
ನೀರಿನ ಟ್ಯಾಂಕಿನ ಕಡೆ, ಓನರ್ ಹೆಂಡತಿ ಅಂದರು.
ಅದರ ಎದುರಿಗೆ, ನಸೀಮಾ ಆಪಾ ಆಣೆ ಮಾಡಿದರು.
ಅವನು ಕೆಳಗೆ, ಕೇಳಲು. ನಾನು ಮೇಲೆ, ತಿರುಗಿಸಲು.

ಅವನಿಗೆ ಹೇಳದ ಮಾತೊಂದಿತ್ತು.
ಎರಡನೇ ಕ್ಲಾಸಿನಲ್ಲಿ ಮಂಗನಬಾವು ಬಂದು
ಕೆನ್ನೆ ಇಳಿಯಿತು, ಎಡಗಿವಿಯನ್ನೂ ತೆಗೆದುಕೊಂಡು ಹೋಯಿತು.
ಹೆಣ್ಣು ನೋಡಲು ಬಂದ ದಿನ ಅವ್ವ
ಎಡಕ್ಕೆ ಗೋಡೆ ಬರುವ ಹಾಗೆ ಕೂರಿಸಿದ್ದಳು.
ಅಲ್ಲಿಂದ ಹನ್ನೊಂದು ವರ್ಷ
ನಾನೇ ಗೋಡೆ ಹುಡುಕಿಕೊಂಡು ಕೂರುತ್ತೇನೆ.
ಮಂಚದಲ್ಲಿ ಗೋಡೆ. ಮದುವೆಮನೆಯಲ್ಲಿ ಕಂಬ.
ಸದ್ದು ಬಂತೆಂದು ಗೊತ್ತಾಗುತ್ತದೆ, ಎತ್ತಲಿಂದ ಅಂತಲ್ಲ.
ರಿಂಗಾಗುವ ಫೋನಿಗೆ ಮನೆಯೆಲ್ಲ ಹುಡುಕುತ್ತೇನೆ,
ಅದು ಇಸ್ತ್ರಿ ಬಟ್ಟೆಯ ಕೆಳಗೇ ಇರುತ್ತದೆ.
ಬಿ.ಎಚ್. ರಸ್ತೆ ದಾಟುವಾಗ ಕಾಗೆಯ ಕತ್ತು ನನ್ನದು.

ಕಂಬ ಹಿಡಿದಾಗ ಅನ್ನಿಸಿತು,
ಇದೂ ನಮ್ಮ ಪೈಕಿಯದೇ.
ಎಲ್ಲ ಕಡೆಯದೂ ಒಟ್ಟಿಗೆ ಕೇಳದು ಇದಕ್ಕೆ,
ಮುಖ ತಿರುಗಿಸಿದ ಕಡೆಯಷ್ಟೇ ತೆರೆಯುತ್ತದೆ.
ಕೇಳಿಸಿತು ಅನ್ನುವ ಜಾಗ ದಾಟಿ ಹೋಗಿ
ಆಮೇಲೆ ಒಂದು ನೂಲಿನಷ್ಟು ಹಿಂದೆ ಬರಬೇಕು.
ಬಂದೆ.
"ಅಲ್ಲೇ! ಅಲ್ಲೇ ಬಿಗಿ! ಹೆಂಗೆ ಗೊತ್ತಾಯ್ತು ನಿಂಗೆ?"

ಗುರುತಿನ ಮೇಲೆ ಕೂರಿಸಿದ.
ವಾರ್ತೆ ಮುಗಿದು ಯಾರದೋ ಕಛೇರಿ.
"ಕೊಳಲು ಬಲಕ್ಕೆ, ಮೃದಂಗ ಎಡಕ್ಕೆ. ಸಿಕ್ತಾ?"
ಹ್ಞೂ ಬಾಯಿಗೇ ಬಂದಿತ್ತು.
ಅಲ್ಲಿ ಗೋಡೆ ಇರಲಿಲ್ಲ, ಅರವತ್ತು ಇಂಚು ಖಾಲಿ.
"ಇಲ್ಲ" ಅಂದೆ.

ಮೊದಲು ವೈರು ನೋಡಿದ. ಸ್ಕ್ರೂ ಬಿಗಿಮಾಡಿದ.
ಎಡದ ಪೆಟ್ಟಿಗೆಗೆ ಕಿವಿ ಇಟ್ಟ, ಅದು ಮಾತಾಡುತ್ತಲೇ ಇತ್ತು.
ಆಮೇಲೆ ನನ್ನನ್ನು ನೋಡಿದ.
"ಯಾವಾಗಿಂದ?"
"ಎರಡನೇ ಕ್ಲಾಸು."

ಬ್ಯಾಲೆನ್ಸ್ ಗುಂಡಿಗೆ ಕೈ ಹಾಕಿದ,
ಎಲ್ಲವನ್ನೂ ನನ್ನ ಬಲಕ್ಕೆ ತಳ್ಳಿಬಿಡಲು.
ಬೇಡ, ಇರಲಿ ಅಂತ ನಾನೇ ಎದ್ದೆ.
ಕೊಳಲಿನ ಹತ್ತಿರ ಒಂದು ಗಳಿಗೆ ನಿಂತೆ,
ಮೂರು ಹೆಜ್ಜೆ ನಡೆದು, ಇಲಿ ಕಡಿದ ಮೂಲೆಯ ಎದುರು ಕುಕ್ಕರಿಸಿ
ಪೆಟ್ಟಿಗೆಯ ಬಟ್ಟೆಗೆ ಅಂಗೈ ಇಟ್ಟೆ.
ದಪ್ಪ ಡೆನಿಮ್ಮಿಗೆ ಸೂಜಿ ಇಳಿಯುವಾಗ
ಮಷಿನ್ನಿನ ಮೈ ಅದುರುತ್ತಲ್ಲ, ಹಾಗೆ ಮೃದಂಗ.
"ಅದು ಅಲ್ಲಿ, ಇದು ಇಲ್ಲಿ. ಈಗ ಸಿಕ್ತು."

ಬಹಳ ಹೊತ್ತಿನ ಮೇಲೆ ಕೇಳಿದ,
"ಇಷ್ಟು ವರ್ಷ ಆ ಕಡೆಯಿಂದ ನಾನು ಏನೇನು ಹೇಳಿದ್ದೆ?"
"ನಂಗೇನು ಗೊತ್ತು? ನೀನೇ ಹೇಳಬೇಕು."
ಯೋಚನೆ ಮಾಡುತ್ತ ನಿಂತ,
ಕೈಯಲ್ಲಿ ಅರ್ಧ ಸುಲಿದ ವೈರು.